ಪೆಟ್ರೋಲ್ ಲಾನ್ ಮೋವರ್ ಸರ್ವಿಸ್ ನೀವೇ ಮಾಡಿಕೊಳ್ಳುವುದು ಹೇಗೆ? ಮೆಕ್ಯಾನಿಕ್‌ಗೆ ಬಿಡಬೇಕಾದ ಕೆಲಸ ಯಾವುದು?

ಎರಡು ಒಳ್ಳೆಯ ಮಳೆ ಬಿದ್ದರೆ ಸಾಕು, ಸೊಸೈಟಿಯ ಹುಲ್ಲುಹಾಸು ಒಂದೇ ವಾರದಲ್ಲಿ ಪಾದ ಮುಚ್ಚುವಷ್ಟು ಬೆಳೆದು ನಿಲ್ಲುತ್ತದೆ. ಬೇಸಿಗೆಯಿಡೀ ಮೂಲೆಯಲ್ಲಿದ್ದ ಲಾನ್ ಮೋವರ್ ಹೊರಗೆ ಬರುವುದು ಆಗಲೇ. ಹಗ್ಗ ಹತ್ತು ಸಲ ಎಳೆದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವರಿಗೂ ಅದೇ ವಾರ ಕೆಲಸದ ಒತ್ತಡ.

ಇಂಥ ಬಹುತೇಕ ತೊಂದರೆಗಳಿಗೆ ಕಾರಣ ಐದೇ: ಹಳೆಯ ಪೆಟ್ರೋಲ್, ಕಪ್ಪಾದ ಇಂಜಿನ್ ಆಯಿಲ್, ಧೂಳು ತುಂಬಿದ ಏರ್ ಫಿಲ್ಟರ್, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ ಮತ್ತು ಮೊಂಡಾದ ಬ್ಲೇಡ್. ಈ ಐದನ್ನೂ ಯಂತ್ರದ ಮಾಲೀಕರೇ ಅರ್ಧ ದಿನದಲ್ಲಿ ನೋಡಿಕೊಳ್ಳಬಹುದು. ಆದರೆ ಕ್ರಮ ತಪ್ಪಿದರೆ ಕೈಬೆರಳಿಗೇ ಅಪಾಯ. ಹಾಗಾಗಿ ಏನು ಮಾಡಬೇಕು ಎಂಬುದರಷ್ಟೇ ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಅದು ಕೈಯಿಂದ ತಳ್ಳುವ ಯಂತ್ರವಾಗಿತ್ತು. ಪೆಟ್ರೋಲ್ ಇಂಜಿನ್ ಇರುವ ಮೋವರ್ ಮಾರುಕಟ್ಟೆಗೆ ಬಂದಿದ್ದು 1902ರಲ್ಲಿ, ಅದೇ ದೇಶದ ರಾನ್ಸಮ್ಸ್ ಕಂಪನಿಯಿಂದ.

ಇಂದು ಸೊಸೈಟಿ, ಶಾಲೆ, ಫಾರ್ಮ್‌ಹೌಸ್‌ಗಳಲ್ಲಿ ಕಾಣುವ ತಳ್ಳುವ ಮೋವರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್. ಕೆಲಸದ ತತ್ವ ಬೈಕ್ ಇಂಜಿನ್ನಿನದ್ದೇ. ವ್ಯತ್ಯಾಸವೆಂದರೆ ಇದರ ಶಾಫ್ಟ್ ನೆಟ್ಟಗೆ ಕೆಳಮುಖವಾಗಿರುತ್ತದೆ, ಹೆಚ್ಚಿನ ಮಾದರಿಗಳಲ್ಲಿ ಬ್ಲೇಡ್ ನೇರವಾಗಿ ಅದರ ತುದಿಗೇ ಕೂತಿರುತ್ತದೆ.

ಒಂದು ಗೊಂದಲ ಬೇಡ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಹೊಡೆಯುವ ಯಂತ್ರಗಳಲ್ಲಿ ಹಲವು ಟೂ ಸ್ಟ್ರೋಕ್. ಅವುಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಫೋರ್ ಸ್ಟ್ರೋಕ್ ಮೋವರ್‌ಗೆ ಹಾಗೆ ಬೆರೆಸಬಾರದು. ಇದರಲ್ಲಿ ಪೆಟ್ರೋಲ್ ಬೇರೆ, ಆಯಿಲ್ ಬೇರೆ.

ಮೊದಲು ಸುರಕ್ಷತೆ

53 ಸೆಂ.ಮೀ. ಉದ್ದದ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿ.ಮೀ. ಆಗುತ್ತದೆ. ನಿಂತ ಇಂಜಿನ್ನಿನಲ್ಲೂ ಅಪಾಯವಿದೆ. ಈ ಇಂಜಿನ್‌ಗಳಲ್ಲಿ ಕಿಡಿ ಹುಟ್ಟಿಸಲು ಬ್ಯಾಟರಿ ಬೇಕಿಲ್ಲ, ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ತಿರುಗಿದರೆ ಸಾಕು. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಇಂಜಿನ್ ತಿರುಗುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಆವಿ ಉಳಿದಿದ್ದರೆ ಒಮ್ಮೆ ಹೊಡೆದುಕೊಳ್ಳಬಹುದು. ಆ ಒಂದು ಹೊಡೆತಕ್ಕೆ ಬೆರಳು ಹೋಗುತ್ತದೆ.

* ಬ್ಲೇಡ್ ಹತ್ತಿರ ಕೈ ಹಾಕುವ ಮುನ್ನ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತು, ವೈರನ್ನು ದೂರ ಸರಿಸಿ ಇಡಿ. ಈ ನಿಯಮಕ್ಕೆ ವಿನಾಯಿತಿ ಇಲ್ಲ.
* ಬೇಸ್‌ಮೆಂಟ್, ಮುಚ್ಚಿದ ಗ್ಯಾರೇಜ್, ಸ್ಟೋರ್ ರೂಮಿನಲ್ಲಿ ಇಂಜಿನ್ ಚಾಲೂ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಪ್ರಾಣಕ್ಕೇ ಅಪಾಯ.
* ಬಿಸಿ ಇಂಜಿನ್ ಇರುವಾಗ ಪೆಟ್ರೋಲ್ ತುಂಬಬೇಡಿ. ಆರಲು ಬಿಡಿ. ಹತ್ತಿರದಲ್ಲಿ ಬೀಡಿ, ಸಿಗರೇಟ್, ದೀಪ ಬೇಡ.
* ಮೋವರನ್ನು ವಾಲಿಸುವಾಗ ಏರ್ ಫಿಲ್ಟರ್ ಮತ್ತು ಕಾರ್ಬುರೇಟರ್ ಇರುವ ಬದಿ ಮೇಲೆ ಬರಬೇಕು. ಇಲ್ಲದಿದ್ದರೆ ಆಯಿಲ್ ಫಿಲ್ಟರಿಗೆ ನುಗ್ಗಿ ಅದನ್ನು ಹಾಳು ಮಾಡುತ್ತದೆ.

ಬೇಕಾಗುವ ಸಾಮಾನು: ಪಾನಾ ಸೆಟ್, ಪ್ಲಗ್ ಪಾನಾ, ಚಪ್ಪಟೆ ಅರ, ತಂತಿ ಬ್ರಷ್, ದಪ್ಪ ಕೈಗವಸು, ಆಯಿಲ್ ಹಿಡಿಯಲು ಅಗಲ ಬಾಯಿಯ ಡಬ್ಬ, ಹಳೆಯ ಬಟ್ಟೆ, ಒಂದು ಮರದ ತುಂಡು. ಜೊತೆಗೆ ನಿಮ್ಮ ಮಾದರಿಯ ಮ್ಯಾನುಯಲ್. ಕೆಳಗಿನ ಅಳತೆಗಳು ಸಾಮಾನ್ಯ ಮಾರ್ಗದರ್ಶಿ ಮಾತ್ರ, ಅಂತಿಮ ಮಾತು ಮ್ಯಾನುಯಲ್‌ನದ್ದೇ.

1. ಪೆಟ್ರೋಲ್: ಅರ್ಧ ರೋಗದ ಮೂಲ ಇಲ್ಲಿದೆ

ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದದ್ದು ಅಂಟಾಗಿ ಕಾರ್ಬುರೇಟರಿನ ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಸಾಮಾನ್ಯವಾಗಿ 30 ದಿನಕ್ಕಿಂತ ಹಳೆಯ ಪೆಟ್ರೋಲ್ ಬಳಸದಿರುವುದೇ ಒಳ್ಳೆಯದು.

ಈಗ ಇದಕ್ಕೆ ಎಥೆನಾಲ್ ಕೂಡ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲ್‌ಗೆ ಚಾಲನೆ ನೀಡಿದರು. 2025ರ ವೇಳೆಗೆ ಶೇ.20ರ ಮಿಶ್ರಣವೇ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಯಿತು. ಆದರೆ ಅನೇಕ ಸಣ್ಣ ಇಂಜಿನ್‌ಗಳ ಮ್ಯಾನುಯಲ್‌ಗಳು ಶೇ.10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಎನ್ನುತ್ತವೆ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೀರಿದ ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮುಂಬೈ, ಚೆನ್ನೈನಂಥ ಕರಾವಳಿ ನಗರಗಳಲ್ಲಿ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಹಾಗೆಂದು ಯಂತ್ರ ಬದಲಿಸಬೇಕಿಲ್ಲ. ಒಂದೆರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಯಂತ್ರ ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಪೆಟ್ರೋಲ್ ಪೈಪು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ, ಒದ್ದೆಯಾಗಿದೆಯೇ ಎಂದು ಪ್ರತಿ ಸೀಸನ್‌ಗೆ ಒಮ್ಮೆ ನೋಡಿ. ಹೊಸ ಪೈಪು ಹಾಕುವುದಿದ್ದರೆ ನಿಮ್ಮ ಮಾದರಿಗೆ ಹೊಂದುವ ಪೆಟ್ರೋಲ್ ಪೈಪನ್ನೇ ಹಾಕಿ, ನೀರಿನ ಪೈಪು ಬೇಡ.

ಸರ್ವಿಸ್ ದಿನವೂ ಇದೇ ಮೊದಲ ಹೆಜ್ಜೆ. ಪೆಟ್ರೋಲ್ ಮುಗಿಯುವವರೆಗೆ ಓಡಿಸಿದರೆ ಯಂತ್ರ ವಾಲಿಸಿದಾಗ ಚೆಲ್ಲುವುದಿಲ್ಲ. ಇಂಜಿನ್ ಬೆಚ್ಚಗಾಗಿ ಆಯಿಲ್ ಕೂಡ ಸಲೀಸಾಗಿ ಇಳಿಯುತ್ತದೆ.

2. ಇಂಜಿನ್ ಆಯಿಲ್

ಈ ಸಣ್ಣ ಇಂಜಿನ್ನುಗಳಲ್ಲಿ ಆಯಿಲ್ ಹಿಡಿಯುವುದು ಅರ್ಧ ಲೀಟರಿನ ಆಸುಪಾಸು. ಹೆಚ್ಚಿನವುಗಳಲ್ಲಿ ಕಾರಿನಂತೆ ಆಯಿಲ್ ಫಿಲ್ಟರ್ ಇರುವುದಿಲ್ಲ. ಅಂದರೆ ಕೊಳೆಯೆಲ್ಲ ಆ ಅರ್ಧ ಲೀಟರಿನಲ್ಲೇ ಸುತ್ತುತ್ತದೆ. ಹೊಸ ಯಂತ್ರದಲ್ಲಿ ಮೊದಲ ಬದಲಾವಣೆ 5ರಿಂದ 20 ಗಂಟೆಗಳ ಒಳಗೆ, ನಂತರ ಪ್ರತಿ 50ರಿಂದ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮ ಬಿಸಿಲಿಗೆ ಎಸ್‌ಎಇ 30 ಅಥವಾ 10ಡಬ್ಲ್ಯು-30 ಗ್ರೇಡ್ ಹೆಚ್ಚಾಗಿ ಬಳಕೆಯಲ್ಲಿವೆ.

ಪ್ಲಗ್ ಕ್ಯಾಪ್ ತೆಗೆದು, ಡ್ರೈನ್ ನಟ್ಟು ಇದ್ದರೆ ಅದರಿಂದ ಆಯಿಲ್ ಇಳಿಸಿ. ಇಲ್ಲದಿದ್ದರೆ ಡಿಪ್‌ಸ್ಟಿಕ್ ತೆಗೆದು, ಮ್ಯಾನುಯಲ್ ಹೇಳಿದ ಬದಿಗೆ ವಾಲಿಸಿ ಡಬ್ಬಕ್ಕೆ ಸುರಿಯಿರಿ. ಆಯಿಲ್ ಬಿಸಿ ಇರುತ್ತದೆ, ಕೈಗವಸು ಇರಲಿ. ಹೊಸ ಆಯಿಲನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಸಮ ನೆಲದಲ್ಲಿ ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟಬಾರದು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಇಂಜಿನ್ ಜಾಮ್.

ಹಳೆಯ ಆಯಿಲನ್ನು ಚರಂಡಿಗೆ ಅಥವಾ ಗಿಡದ ಬುಡಕ್ಕೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲ್ ಕೂಡ ಬರುತ್ತದೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

3. ಏರ್ ಫಿಲ್ಟರ್

ಹುಲ್ಲಿನ ಪುಡಿ, ಕೆಂಪು ಮಣ್ಣಿನ ಧೂಳು ಎಲ್ಲವೂ ಸೇರುವುದು ಇಲ್ಲಿಗೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಪೆಟ್ರೋಲ್ ಹೆಚ್ಚು ಸುಡುತ್ತದೆ.

ಕಾಗದದ ಫಿಲ್ಟರ್ ಆದರೆ ಗಟ್ಟಿ ನೆಲದ ಮೇಲೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ತೊಳೆಯಬೇಡಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಕಾಗದ ಹರಿಯಬಹುದು. ಬೆಳಕಿಗೆ ಹಿಡಿದಾಗ ಬೆಳಕು ಕಾಣದಿದ್ದರೆ ಬದಲಿಸಿ. ಸ್ಪಾಂಜ್ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮ್ಯಾನುಯಲ್ ಹೇಳಿದ್ದರೆ ಕೆಲವು ಹನಿ ಇಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿ. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಯಂತ್ರ ಓಡಿಸಬೇಡಿ. ಒಳಗೆ ಹೋದ ಮಣ್ಣು ಸಿಲಿಂಡರನ್ನು ಮರಳುಕಾಗದದಂತೆ ಉಜ್ಜುತ್ತದೆ.

4. ಸ್ಪಾರ್ಕ್ ಪ್ಲಗ್

ಇಂಜಿನ್ ಆರಿದ ಮೇಲೆ ಸುತ್ತಲಿನ ಕೊಳೆ ಒರೆಸಿ ಪ್ಲಗ್ ಬಿಚ್ಚಿ. ತುದಿ ಕಂದು ಅಥವಾ ಬೂದು ಬಣ್ಣದಲ್ಲಿ ಒಣಗಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಫಿಲ್ಟರ್ ಅಥವಾ ಚೋಕ್ ನೋಡಿ. ಆಯಿಲ್ ಜಿಡ್ಡು ಇದ್ದರೆ ಆಯಿಲ್ ಹೆಚ್ಚಾಗಿರಬಹುದು, ಅಥವಾ ರಿಂಗ್ ಸವೆದಿರಬಹುದು.

ತುದಿಯ ಅಂತರ ಹೆಚ್ಚಿನ ಮಾದರಿಗಳಲ್ಲಿ 0.7ರಿಂದ 0.8 ಮಿ.ಮೀ. ಫೀಲರ್ ಗೇಜ್‌ನಿಂದ ನೋಡಿ ಸರಿಪಡಿಸಿ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಅದೇ ನಂಬರಿನ ಹೊಸ ಪ್ಲಗ್ ಹಾಕಿ. ಕೂರಿಸುವಾಗ ಮೊದಲು ಕೈಯಿಂದಲೇ ತಿರುಗಿಸಿ, ಕೊನೆಯಲ್ಲಷ್ಟೇ ಪಾನಾ. ಅಡ್ಡ ಕೂತ ಪ್ಲಗ್ಗನ್ನು ಬಲವಂತವಾಗಿ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ ಹಾಳಾಗಿ, ಉಳಿತಾಯಕ್ಕಿಂತ ಖರ್ಚೇ ಹೆಚ್ಚಾಗುತ್ತದೆ.

5. ಬ್ಲೇಡ್

ಹುಲ್ಲಿನ ತುದಿ ಕತ್ತರಿಸಿದಂತೆ ಕಾಣದೆ ಹರಿದಂತಾಗಿ, ಎರಡು ದಿನದಲ್ಲಿ ಕಂದಾದರೆ ಬ್ಲೇಡ್ ಮೊಂಡಾಗಿದೆ ಎಂದರ್ಥ. ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಸಾಣೆ ಬೇಕಾಗುತ್ತದೆ. ಕಲ್ಲು ತಾಗಿದರೆ ಇನ್ನೂ ಮೊದಲೇ.

ಪ್ಲಗ್ ಕ್ಯಾಪ್ ತೆಗೆದಿರುವುದನ್ನು ಮತ್ತೊಮ್ಮೆ ನೋಡಿ. ಬ್ಲೇಡ್ ತಿರುಗದಂತೆ ಮರದ ತುಂಡು ಕೊಟ್ಟು ಬೋಲ್ಟ್ ಬಿಚ್ಚಿ. ಕೆಳಬದಿ ಯಾವುದೆಂದು ಚಾಕ್‌ನಿಂದ ಗುರುತು ಮಾಡಿ. ಮೊದಲಿದ್ದ ಕೋನವನ್ನೇ ಉಳಿಸಿ, ಎರಡೂ ತುದಿಗೆ ಸಮನಾಗಿ ಅರ ಹೊಡೆಯಿರಿ. ಕ್ಷೌರದ ಕತ್ತಿಯಷ್ಟು ಹರಿತ ಬೇಡ. ನಂತರ ಗೋಡೆಯ ಮೊಳೆಗೆ ಮಧ್ಯದ ರಂಧ್ರ ಸಿಕ್ಕಿಸಿ ನೋಡಿ. ಒಂದು ಬದಿ ಇಳಿದರೆ ಆ ಬದಿ ಭಾರ, ಅಲ್ಲಿ ಇನ್ನಷ್ಟು ಅರ ಬೇಕು. ಸಮತೋಲನ ತಪ್ಪಿದ ಬ್ಲೇಡಿನ ನಡುಕ ಶಾಫ್ಟಿನ ಬೇರಿಂಗನ್ನೇ ತಿನ್ನುತ್ತದೆ.

ಬಾಗಿದ, ಬಿರುಕು ಬಿಟ್ಟ ಬ್ಲೇಡನ್ನು ಬಡಿದು ನೇರ ಮಾಡುವುದು, ವೆಲ್ಡಿಂಗ್ ಹಾಕಿಸುವುದು ಬೇಡವೇ ಬೇಡ. ಹೊಸದನ್ನೇ ಹಾಕಿ. ಬೋಲ್ಟ್ ಎಷ್ಟು ಬಿಗಿಯಬೇಕೆಂಬುದು ಮ್ಯಾನುಯಲ್‌ನಲ್ಲಿರುತ್ತದೆ. ಟಾರ್ಕ್ ಪಾನಾ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಲ್ಲಿ ಈ ಒಂದು ಕೆಲಸ ಮಾಡಿಸಿಕೊಳ್ಳಿ.

ಲಕ್ಷಣ ನೋಡಿ ಕಾರಣ ತಿಳಿಯಿರಿ

* ಸ್ಟಾರ್ಟ್ ಆಗುತ್ತಿಲ್ಲ: ಪೆಟ್ರೋಲ್ ಕಾಕ್ ತೆರೆದಿದೆಯೇ, ಪೆಟ್ರೋಲ್ ಹಳೆಯದೇ, ಪ್ಲಗ್ ಕ್ಯಾಪ್ ಸರಿಯಾಗಿ ಕೂತಿದೆಯೇ ನೋಡಿ.
* ಸ್ಟಾರ್ಟ್ ಆಗಿ ಆರುತ್ತದೆ: ಕಾರ್ಬುರೇಟರಿನಲ್ಲಿ ಅಂಟು, ಅಥವಾ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಮುಚ್ಚಿರಬಹುದು.
* ಕಪ್ಪು ಹೊಗೆ: ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಪೂರ್ತಿ ತೆರೆದಿಲ್ಲ.
* ವಾಲಿಸಿದ ನಂತರ ಬಿಳಿ ಹೊಗೆ: ಒಳಗೆ ಸೇರಿದ ಆಯಿಲ್ ಸುಡುತ್ತಿದೆ. ಕೆಲವು ನಿಮಿಷದಲ್ಲಿ ನಿಲ್ಲದಿದ್ದರೆ ಆಯಿಲ್ ಮಟ್ಟ ನೋಡಿ.
* ವಿಪರೀತ ನಡುಕ: ಕೂಡಲೇ ನಿಲ್ಲಿಸಿ. ಬ್ಲೇಡ್ ಸಡಿಲ, ಬಾಗಿದೆ ಅಥವಾ ಸಮತೋಲನ ತಪ್ಪಿದೆ.

ಇವು ಮೆಕ್ಯಾನಿಕ್‌ನ ಕೆಲಸ

ಹಗ್ಗ ಸುತ್ತುವ ಸ್ಟಾರ್ಟರಿನೊಳಗಿನ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಬಿಚ್ಚಿದರೆ ಮುಖಕ್ಕೆ ಹಾರಬಹುದು. ವೇಗ ನಿಯಂತ್ರಿಸುವ ಗವರ್ನರ್ ಸ್ಪ್ರಿಂಗನ್ನು ಎಳೆದು ಕಟ್ಟಿದರೆ ಬ್ಲೇಡ್ ಮಿತಿ ಮೀರಿ ತಿರುಗುತ್ತದೆ. ವಾಲ್ವ್ ಅಂತರ, ಪಿಸ್ಟನ್ ರಿಂಗ್, ಬಾಗಿದ ಶಾಫ್ಟ್, ಫ್ಲೈವೀಲ್ ಬ್ರೇಕ್ ಇವೂ ಅನುಭವಿ ಕೈಗೇ ಸೇರಿದ್ದು. ವಾರಂಟಿ ಇರುವ ಹೊಸ ಯಂತ್ರವಾದರೆ ಷರತ್ತು ಓದದೆ ಏನನ್ನೂ ಬಿಚ್ಚಬೇಡಿ.

ಹಲವು ಸೊಸೈಟಿಗಳಲ್ಲಿ ಯಂತ್ರ ಕಮಿಟಿಯದ್ದಾದರೂ ನಡೆಸುವವರು ಮಾಲಿ. ಕೈಬಿಟ್ಟ ಕೂಡಲೇ ಬ್ಲೇಡ್ ನಿಲ್ಲಿಸುವ ಹ್ಯಾಂಡಲ್ ಲಿವರನ್ನು ಕೈ ನೋಯುತ್ತದೆಂದು ದಾರ ಸುತ್ತಿ ಕಟ್ಟಿಡಲು ಬಿಡಬಾರದು. ಲಿವರ್ ಕೆಟ್ಟಿದ್ದರೆ ಸರಿಯಾಗುವವರೆಗೆ ಯಂತ್ರ ಹೊರಗೆ ತರಬಾರದು. ಸರ್ವಿಸ್‌ನಲ್ಲಿ ಉಳಿದ ಹಣದಲ್ಲಿ ಮಾಲಿಗೆ ಗಟ್ಟಿ ಬೂಟು, ಕನ್ನಡಕ, ಕೈಗವಸು ಕೊಡಿಸಿದರೆ ಅದು ಯಂತ್ರಕ್ಕೆ ಮಾಡಿದ ಸರ್ವಿಸ್‌ಗಿಂತ ದೊಡ್ಡದು.

ಯಾವ ಊರಿಗೆ ಯಾವಾಗ?

ಹುಲ್ಲು ಜೋರಾಗಿ ಬೆಳೆಯುವ ಮುನ್ನವೇ ಸರ್ವಿಸ್ ಮುಗಿದಿರಬೇಕು. ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ಮೇ ತಿಂಗಳು ಸೂಕ್ತ. ಹಿಂಗಾರು ಮಳೆ ಸುರಿಯುವ ಚೆನ್ನೈನಲ್ಲಿ ಸೆಪ್ಟೆಂಬರ್. ದೆಹಲಿಯಲ್ಲಿ ಚಳಿಗೆ ಗರಿಕೆ ಹುಲ್ಲು ಬೆಳೆಯುವುದನ್ನೇ ನಿಲ್ಲಿಸುವುದರಿಂದ ಡಿಸೆಂಬರಿನಲ್ಲಿ ಟ್ಯಾಂಕ್ ಖಾಲಿ ಮಾಡಿ ಇಟ್ಟು, ಫೆಬ್ರವರಿ ಕೊನೆಯಲ್ಲಿ ಸರ್ವಿಸ್ ಮಾಡುವುದು ಒಳ್ಳೆಯದು.

ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಹುಲ್ಲೂ ಒಣಗುವುದಿಲ್ಲ, ಇಂಜಿನ್ನೂ ದಣಿಯುವುದಿಲ್ಲ. ಕೆಲಸ ಮುಗಿದ ಮೇಲೆ ಪ್ಲಗ್ ಕ್ಯಾಪ್ ತೆಗೆದು ಅಡಿಯಲ್ಲಿ ಅಂಟಿದ ಹಸಿ ಹುಲ್ಲು ಕೆರೆದು ತೆಗೆಯಿರಿ. ಯಂತ್ರದ ಹತ್ತಿರ ಒಂದು ಸಣ್ಣ ಪುಸ್ತಕವಿಟ್ಟು ಆಯಿಲ್, ಪ್ಲಗ್, ಬ್ಲೇಡ್ ಬದಲಿಸಿದ ದಿನಾಂಕ ಬರೆದಿಡಿ. ಮುಂದೊಮ್ಮೆ ಮೆಕ್ಯಾನಿಕ್ ಕರೆಯಬೇಕಾಗಿ ಬಂದರೂ ಅವರ ಅರ್ಧ ಕೆಲಸ ಆ ಪುಸ್ತಕದಿಂದಲೇ ಹಗುರವಾಗುತ್ತದೆ.