ಒನ್ಸೆನ್: ಜಪಾನಿನ ಬಿಸಿನೀರಿನ ಬುಗ್ಗೆಗಳ ಆರೋಗ್ಯ ಪರಿಣಾಮ ಮತ್ತು ಸ್ನಾನದ ರೂಢಿ

ಒನ್ಸೆನ್: ಜಪಾನಿನಲ್ಲಿ ನೆಲದೊಳಗಿಂದ ಉಕ್ಕುವ ಬಿಸಿನೀರಿನ ಬುಗ್ಗೆ. ಆ ನೀರಿನಲ್ಲಿ ಮೀಯಲು ಕಟ್ಟಿದ ಸ್ನಾನಗೃಹವನ್ನೂ ಅದರ ಸುತ್ತ ಬೆಳೆದ ಊರನ್ನೂ ಜನ ಇದೇ ಹೆಸರಿನಿಂದ ಕರೆಯುತ್ತಾರೆ. 1948ರ ಒನ್ಸೆನ್ ಕಾಯಿದೆಯ ಪ್ರಕಾರ, ನೆಲದಿಂದ ಹೊರಬೀಳುವಾಗ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿ ಇರುವ ನೀರು ಒನ್ಸೆನ್. ಅಷ್ಟು ಬಿಸಿ ಇಲ್ಲದಿದ್ದರೂ, ಕಾಯಿದೆ ಪಟ್ಟಿ ಮಾಡಿರುವ 19 ಘಟಕಗಳಲ್ಲಿ ಒಂದಾದರೂ ಗೊತ್ತುಪಡಿಸಿದ ಪ್ರಮಾಣದಲ್ಲಿದ್ದರೆ ಸಾಕು. ಹೀಗಾಗಿ ತಣ್ಣನೆಯ ಖನಿಜಜಲವನ್ನು ಕಾಯಿಸಿ ತೊಟ್ಟಿಗೆ ಬಿಡುವ ಸ್ನಾನಗೃಹವೂ ಕಾನೂನಿನ ದೃಷ್ಟಿಯಲ್ಲಿ ಒನ್ಸೆನ್ನೇ. ಹೊಕ್ಕೈಡೊದಿಂದ ಕ್ಯೂಷುವರೆಗೆ ಉಳಿದುಕೊಳ್ಳುವ ಸೌಕರ್ಯವಿರುವ ಒನ್ಸೆನ್ ಊರುಗಳು ಸುಮಾರು 3,000 ಇವೆ. ಚಿಕಿತ್ಸೆಗೆ ಒಗ್ಗುವ ನೀರನ್ನು ಸರಳ, ಕ್ಲೋರೈಡ್, ಬೈಕಾರ್ಬೊನೇಟ್, ಸಲ್ಫೇಟ್, ಇಂಗಾಲದ ಡೈಆಕ್ಸೈಡ್, ಕಬ್ಬಿಣ, ಆಮ್ಲ, ಅಯೊಡಿನ್, ಗಂಧಕ ಮತ್ತು ವಿಕಿರಣಶೀಲ ಎಂದು ಹತ್ತು ಬಗೆಯಾಗಿ ವಿಂಗಡಿಸಲಾಗಿದೆ.

ಚಿಕಿತ್ಸೆಯ ಇತಿಹಾಸ

733ರಲ್ಲಿ ಪೂರ್ಣಗೊಂಡ ಇಜುಮೊ ಪ್ರಾಂತದ ವರದಿಯಲ್ಲಿ ತಮತ್ಸುಕುರಿಯ ಬುಗ್ಗೆಯ ವಿಚಾರ ಬರುತ್ತದೆ. ಅಲ್ಲಿ ಒಮ್ಮೆ ಮಿಂದರೆ ರೂಪ ತಿದ್ದುತ್ತದೆ, ಮತ್ತೊಮ್ಮೆ ಮಿಂದರೆ ರೋಗಗಳೆಲ್ಲ ಹೋಗುತ್ತವೆ ಎಂಬ ನಂಬಿಕೆ ಆಗಲೇ ಇತ್ತು. ಜಪಾನನ್ನು ಒಂದುಗೂಡಿಸಿದ ದಂಡನಾಯಕ ಟೊಯೊಟೊಮಿ ಹಿದೆಯೋಶಿ ಕೋಬೆ ಬಳಿಯ ಅರಿಮಾಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದ. ಶೋಗನ್ (ಸೇನಾ ಆಳರಸ) ಟೊಕುಗಾವ ಇಯೆಯಾಸು 1604ರಲ್ಲಿ ಅತಾಮಿಯಲ್ಲಿ ಏಳು ದಿನ ತಂಗಿದ್ದ. ಮುಂದೆ ಅತಾಮಿಯ ನೀರನ್ನು ಮರದ ಪೀಪಾಯಿಗಳಲ್ಲಿ ತುಂಬಿ ಎಡೋದ (ಇಂದಿನ ಟೋಕಿಯೊ) ಅರಮನೆಗೆ ಹೊತ್ತೊಯ್ಯುವ ಪದ್ಧತಿಯೂ ಬಂತು.

ಬುಗ್ಗೆಯ ನೀರನ್ನು ವೈದ್ಯಶಾಸ್ತ್ರದ ವಿಷಯವಾಗಿಸಿದವನು ಗೋತೊ ಕೊನ್‌ಝಾನ್ (1659–1733). ದೇಹದ ಚೈತನ್ಯ ಒಂದೆಡೆ ಕಟ್ಟಿ ನಿಲ್ಲುವುದೇ ಎಲ್ಲ ರೋಗಗಳ ಮೂಲ ಎಂದು ನಂಬಿದ್ದ ಈ ವೈದ್ಯ, ಅದನ್ನು ಹರಿಯಬಿಡಲು ಬಿಸಿನೀರು, ಕರಡಿಯ ಪಿತ್ತ ಮತ್ತು ಮೂಲಿಕೆ ಸುಡುವ ಚಿಕಿತ್ಸೆಯನ್ನು ಹೇಳುತ್ತಿದ್ದ. ಜನ ಈ ಮೂರನ್ನೂ ಪೋಣಿಸಿ ಅವನಿಗೊಂದು ಅಡ್ಡಹೆಸರು ಕಟ್ಟಿದ್ದರು. ಅವನ ಶಿಷ್ಯ ಕಗಾವ ಶೂಆನ್ 1738ರಲ್ಲಿ ಪ್ರಕಟಿಸಿದ ಔಷಧ ಗ್ರಂಥದಲ್ಲಿ ಕಿನೊಸಾಕಿಯ ನೀರನ್ನು ಎಲ್ಲಕ್ಕಿಂತ ಮೇಲೆಂದು ಎತ್ತಿಹಿಡಿದ. ಉಡಗಾವ ಯೋಆನ್ (1798–1846) ಡಚ್ ಪುಸ್ತಕಗಳಿಂದ ಕಲಿತ ರಸಾಯನಶಾಸ್ತ್ರದ ಬಲದಿಂದ ಬುಗ್ಗೆಗಳ ನೀರನ್ನು ವಿಶ್ಲೇಷಿಸತೊಡಗಿದ.

ಪಂಡಿತರ ಗ್ರಂಥಗಳಿಗಿಂತ ಜನರ ರೂಢಿಯೇ ಹೆಚ್ಚು ಗಟ್ಟಿಯಾಗಿತ್ತು. ‘ತೋಜಿ’ ಎಂದರೆ ಬುಗ್ಗೆಯ ಊರಿನಲ್ಲಿ ದಿನಗಟ್ಟಲೆ ತಂಗಿ ಮೀಯುವ ಚಿಕಿತ್ಸೆ. ಈಶಾನ್ಯ ಜಪಾನಿನ ರೈತರು ನಾಟಿ ಮುಗಿದ ಮೇಲೋ ಕೊಯ್ಲಿನ ನಂತರವೋ ಅಕ್ಕಿ, ಮಿಸೊ (ಹುದುಗಿಸಿದ ಸೋಯಾ ಹಿಟ್ಟು), ಉಪ್ಪಿನಕಾಯಿ ಹೊತ್ತು ನರುಕೊ, ಹಿಜಿಓರಿಯಂಥ ಊರುಗಳಿಗೆ ಬರುತ್ತಿದ್ದರು. ತಂಗುದಾಣದ ಹಂಚಿಕೆಯ ಅಡುಗೆಮನೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಏಳು ದಿನಕ್ಕೆ ಒಂದು ಸುತ್ತು. ಮೂರು ಸುತ್ತು, ಅಂದರೆ 21 ದಿನ, ಮುಗಿದರೆ ಚಿಕಿತ್ಸೆ ಪೂರ್ಣ. ತೋಜಿಗೆ ಹೆಸರಾದ ಅಓಮೊರಿಯ ಸುಕಾಯು ಬುಗ್ಗೆಯನ್ನು ಸರ್ಕಾರ 1954ರಲ್ಲಿ ಮೊದಲ ರಾಷ್ಟ್ರೀಯ ಆರೋಗ್ಯಧಾಮ ಬುಗ್ಗೆಗಳ ಸಾಲಿಗೆ ಸೇರಿಸಿತು. ಹೊತ್ತಿಗೆ ಸರಿಯಾದ ಊಟ, ಹೊಲದ ಕೆಲಸದಿಂದ ಬಿಡುವು, ತಮ್ಮಂಥದೇ ನೋವಿನವರ ಒಡನಾಟ ಎಲ್ಲವೂ ತೋಜಿಯಲ್ಲಿ ಸೇರಿದ್ದವು. ಅದರ ಫಲದಲ್ಲಿ ನೀರಿನ ಪಾಲೆಷ್ಟು, ವಿಶ್ರಾಂತಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಇಂದಿಗೂ ಕಷ್ಟವಾಗಿರುವುದು ಇದರಿಂದಲೇ.

ಕುಸಾತ್ಸು

ಒನ್ಸೆನ್ ಚಿಕಿತ್ಸೆಯ ಶಕ್ತಿ, ಮಿತಿ ಮತ್ತು ನೋವು ಒಟ್ಟಿಗೆ ಕಾಣುವ ಊರು ಗುನ್ಮಾ ಪ್ರಾಂತದ ಕುಸಾತ್ಸು. ಎಡೋ ಕಾಲದಲ್ಲಿ, ಅಂದರೆ ಟೊಕುಗಾವ ಮನೆತನದ ಆಳ್ವಿಕೆಯಲ್ಲಿ, ಬುಗ್ಗೆಗಳನ್ನು ಸುಮೊ ಜಟ್ಟಿಗಳಂತೆ ಪೂರ್ವ, ಪಶ್ಚಿಮ ಎಂದು ವಿಂಗಡಿಸಿ ಶ್ರೇಯಾಂಕ ಪಟ್ಟಿ ಅಚ್ಚು ಹಾಕುತ್ತಿದ್ದರು. ಪೂರ್ವದ ಮೊದಲ ಸ್ಥಾನ ಸಾಮಾನ್ಯವಾಗಿ ಕುಸಾತ್ಸುವಿಗೆ, ಪಶ್ಚಿಮದ್ದು ಅರಿಮಾಕ್ಕೆ ಸಲ್ಲುತ್ತಿತ್ತು. ಕುಸಾತ್ಸುವಿನ ನೀರಿನ ಪಿಎಚ್ ಸುಮಾರು 2. ಮೀಯಲಾರದಷ್ಟು ಕುದಿಬಿಸಿಯಾಗಿ ಉಕ್ಕುವ ಈ ನೀರಿಗೆ ತಣ್ಣೀರು ಬೆರೆಸಿದರೆ ಸತ್ವ ಕೆಡುತ್ತದೆಂದು, ಸುಮಾರು ಆರಡಿ ಉದ್ದದ ಮರದ ಹಲಗೆಗಳಿಂದ ಅದನ್ನು ಕಲಕಿ ಆರಿಸುತ್ತಾರೆ. ಹಾಡಿಕೊಂಡು ಕಲಕುವ ಈ ಕೆಲಸವನ್ನು ಈಗ ಪ್ರವಾಸಿಗರಿಗೂ ಪ್ರದರ್ಶಿಸುತ್ತಾರೆ. ಮೀಯುವವರಿಗೆ ಸ್ನಾನಕ್ಕೆ ಮುನ್ನ ಮೈ ಬಿಸಿಯಾಗಲೆಂಬ ಉದ್ದೇಶವೂ ಇದಕ್ಕಿತ್ತು.

ಎಡೋ ಕಾಲದ ನಂತರ ಬಂದ ಮೇಜಿ ಕಾಲದಲ್ಲಿ ಇಲ್ಲಿ ‘ಸಮಯ ಸ್ನಾನ’ ಎಂಬ ಶಿಸ್ತು ರೂಪುಗೊಂಡಿತು. ಸ್ನಾನಗೃಹಕ್ಕೊಬ್ಬ ಯಜಮಾನನಿರುತ್ತಿದ್ದ. ಹಲಗೆಯಲ್ಲಿ ಕಲಕಿದ ಮೇಲೆ ಎಲ್ಲರೂ ಮಂಡಿಯೂರಿ, ಹಿಡಿಕೆಯ ತಂಬಿಗೆಯಿಂದ ತಲೆಯ ಹಿಂಭಾಗಕ್ಕೆ ಸುಮಾರು 30 ಬಾರಿ ಬಿಸಿನೀರು ಸುರಿದುಕೊಳ್ಳುತ್ತಿದ್ದರು. ಆಮೇಲೆ ಯಜಮಾನನ ಅಪ್ಪಣೆಯಂತೆ ಒಟ್ಟಿಗೇ ಸುಮಾರು 47 ಡಿಗ್ರಿಯ ನೀರಿಗಿಳಿದು ಕದಲದೆ ಕೂರುತ್ತಿದ್ದರು. ಕದಲಿದರೆ ಮೈಯನ್ನು ಆವರಿಸಿದ ತೆಳು ನೀರಿನ ಪದರ ಒಡೆದು ಪಕ್ಕದವನಿಗೂ ಸುಡುತ್ತಿತ್ತು. ಯಜಮಾನ ಉಳಿದ ಹೊತ್ತನ್ನು ಕೂಗಿ ಹೇಳಿದಾಗಲೆಲ್ಲ ನೀರಿನಲ್ಲಿದ್ದವರು ಒಕ್ಕೊರಲಿನಿಂದ ಓಗೊಡುತ್ತಿದ್ದರು. ಓಗೊಡದವನಿಗೆ ಪ್ರಜ್ಞೆ ತಪ್ಪುತ್ತಿದೆ ಎಂದು ಆಗಲೇ ತಿಳಿಯುತ್ತಿತ್ತು. ಮೂರು ನಿಮಿಷಕ್ಕೆ ಎಲ್ಲರೂ ಮೇಲೇಳಬೇಕಿತ್ತು. 1876ರಲ್ಲಿ ಜಪಾನಿಗೆ ಬಂದು ಟೋಕಿಯೊದಲ್ಲಿ ವೈದ್ಯಶಾಸ್ತ್ರ ಕಲಿಸಿದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ (1849–1913) ಈ ಪದ್ಧತಿಯನ್ನು ಕಣ್ಣಾರೆ ಕಂಡು ಬರೆದ. ಕುಸಾತ್ಸುವಿನ ಹೆಸರು ಯುರೋಪಿನವರೆಗೆ ಹೋದದ್ದು ಬಹುಮಟ್ಟಿಗೆ ಅವನಿಂದ.

ವಾರಗಟ್ಟಲೆ ಹೀಗೆ ಮಿಂದವರ ಕಂಕುಳು, ತೊಡೆಸಂದಿಯ ಚರ್ಮ ಆಮ್ಲದಿಂದ ಹುಣ್ಣಾಗುತ್ತಿತ್ತು. ಮದ್ದು ಹಿಡಿಯುತ್ತಿರುವ ಗುರುತೆಂದೇ ಅದನ್ನು ತಿಳಿಯುತ್ತಿದ್ದರು. ಊರಿಗೆ ಮರಳುವ ದಾರಿಯಲ್ಲಿ ಹತ್ತಿರದ ಸವತಾರಿಯ ಮೃದುವಾದ ನೀರಿನಲ್ಲಿ ಮಿಂದು ಚರ್ಮ ಮಾಗಿಸಿಕೊಳ್ಳುತ್ತಿದ್ದರು.

ಕುಷ್ಠರೋಗಿಗಳೂ ಕುಸಾತ್ಸುವಿನ ನೀರನ್ನು ನಂಬಿ ಬಂದರು. 1887ರಿಂದ ಅವರನ್ನು ಯುನೊಸವಾ ಎಂಬ ಪ್ರತ್ಯೇಕ ಕೇರಿಯಲ್ಲಿ ನೆಲೆಗೊಳಿಸಲಾಯಿತು. ಆ ಕೇರಿ ತಾನೇ ಒಂದು ಊರಾಗಿ ಬೆಳೆಯಿತು. 1932ರಲ್ಲಿ ಸರ್ಕಾರ ಕುಸಾತ್ಸುವಿನಲ್ಲೇ ಕುಷ್ಠರೋಗಿಗಳಿಗಾಗಿ ಕುರ್ಯು ರಕುಸೆನ್‌ಎನ್ ಆಸ್ಪತ್ರೆ ತೆರೆಯಿತು, ಕೇರಿಯನ್ನು ಕ್ರಮೇಣ ಮುಚ್ಚಿಸಿತು. 1938ರಿಂದ 1947ರವರೆಗೆ ಆ ಆವರಣದ ಶಿಕ್ಷೆಯ ಕೋಣೆಗಳಿಗೆ 93 ರೋಗಿಗಳನ್ನು ದೂಡಲಾಯಿತು, 23 ಮಂದಿ ಸತ್ತರು. ಬುಗ್ಗೆಯ ನೀರಿನಿಂದ ಕುಷ್ಠ ವಾಸಿಯಾಗಲಿಲ್ಲ, ಆಗುವಂಥದೂ ಅಲ್ಲ; ಗುಣವಾದದ್ದು ಆಮೇಲೆ ಬಂದ ಔಷಧಗಳಿಂದ. ರೋಗಿಗಳನ್ನು ಕೂಡಿಹಾಕಲು ಅವಕಾಶವಿದ್ದ ಕಾನೂನು ರದ್ದಾದದ್ದು 1996ರಲ್ಲಿ. ಕುಸಾತ್ಸುವಿನ ಖ್ಯಾತಿಯನ್ನು ಬರೆಯುವವರು ಈ ಭಾಗವನ್ನು ಬಿಟ್ಟು ಬರೆಯುವುದು ಅನ್ಯಾಯ.

ಆರೋಗ್ಯ ಪರಿಣಾಮ

ಬಿಸಿನೀರಿನಲ್ಲಿ ಮುಳುಗಿದ ದೇಹಕ್ಕೆ ಆಗುವುದರಲ್ಲಿ ಹೆಚ್ಚಿನದು ಭೌತಿಕ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ಕುತ್ತಿಗೆವರೆಗೆ ಮುಳುಗಿದಾಗ ದೇಹದ ತೂಕ ಹತ್ತರಲ್ಲೊಂದು ಪಾಲಿನಷ್ಟೇ ಅನುಭವಕ್ಕೆ ಬರುವುದರಿಂದ ಕೀಲುಗಳಿಗೆ ಬಿಡುವು ಸಿಗುತ್ತದೆ. 40 ಡಿಗ್ರಿಯ ಆಸುಪಾಸಿನ ನೀರು ದೇಹವನ್ನು ಸಡಿಲಿಸುತ್ತದೆ. 42 ಡಿಗ್ರಿ ದಾಟಿದರೆ ಎದೆಬಡಿತ ಏರಿ ದೇಹ ಎಚ್ಚರಗೊಳ್ಳುತ್ತದೆ. ಸ್ನಾನದಿಂದ ಏರಿದ ಒಳಗಿನ ಉಷ್ಣ ಮಲಗುವ ಹೊತ್ತಿಗೆ ಇಳಿಯುವುದರಿಂದ ನಿದ್ದೆ ಬೇಗ ಹತ್ತುತ್ತದೆ. ಇಷ್ಟೂ ಮನೆಯ ತೊಟ್ಟಿಯಲ್ಲೂ ಸಾಧ್ಯ. 2020ರಲ್ಲಿ ಪ್ರಕಟವಾದ, ಸುಮಾರು 30,000 ಜಪಾನೀಯರನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ದಿನವೂ ತೊಟ್ಟಿಯಲ್ಲಿ ಮೀಯುವವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇಕಡಾ 28ರಷ್ಟು ಕಡಿಮೆ ಕಂಡಿತ್ತು. ಆರೋಗ್ಯವಾಗಿರುವವರೇ ದಿನವೂ ಮೀಯುತ್ತಿರಬಹುದು ಎಂಬ ಶಂಕೆಯನ್ನು ಇಂಥ ಅಧ್ಯಯನ ಪೂರ್ತಿ ನಿವಾರಿಸಲಾರದು.

ಖನಿಜಗಳ ವಿಷಯದಲ್ಲಿ ಸಾಕ್ಷ್ಯ ಒಂದೇ ಸಮನಾಗಿಲ್ಲ. ಇಂಗಾಲದ ಡೈಆಕ್ಸೈಡ್ ಚರ್ಮದ ಮೂಲಕ ಒಳಸೇರಿ ಕಿರುನಾಳಗಳನ್ನು ಹಿಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಒಯಿತಾ ಪ್ರಾಂತದ ನಗಾಯು ಇದಕ್ಕೆ ಹೆಸರಾದದ್ದು. ಉಪ್ಪಿನ ನೀರು ಚರ್ಮದ ಮೇಲೆ ಪದರ ಕಟ್ಟಿ ಬಿಸಿಯನ್ನು ಹಿಡಿದಿಡುತ್ತದೆ. ಕುಸಾತ್ಸುವಿನ ಆಮ್ಲಜಲ ಚರ್ಮದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ ಹಟಮಾರಿ ಎಸ್ಜಿಮಾದ ಕೆಲವರಲ್ಲಿ ಗುಣ ಕಂಡಿದೆ. ನೀರಿನಲ್ಲಿ ವಿಕಿರಣಶೀಲ ಅನಿಲ ರೇಡಾನ್ ಇರುವ ಮಿಸಾಸ ಎಂಬ ಬುಗ್ಗೆಯ ಊರಿನ ಕಥೆ ಬೇರೆ. ಅಲ್ಲಿನವರಲ್ಲಿ ಕ್ಯಾನ್ಸರ್ ಸಾವು ಕಡಿಮೆ ಎಂದು 1992ರ ಅಧ್ಯಯನವೊಂದು ಹೇಳಿತು, ಆ ಮಾತು ಬಹಳ ಹರಡಿತು. 1998ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಅಕಿತಾದ ತಮಗಾವದಲ್ಲಿ ಬಿಸಿ ಬಂಡೆಯ ಮೇಲೆ ಚಾಪೆ ಹಾಸಿ ಮಲಗಲು ಕ್ಯಾನ್ಸರ್ ರೋಗಿಗಳು ಈಗಲೂ ಬರುತ್ತಾರೆ. ಅವರಿಗೆ ಸಿಗುವ ಸಮಾಧಾನ ನಿಜ. ಅದನ್ನು ಚಿಕಿತ್ಸೆಯ ಬದಲಿಗೆ ಇಡುವುದು ಅಪಾಯ.

ಯಾವ ನೀರು ಯಾವ ತೊಂದರೆಗೆ, ಯಾರಿಗೆ ನಿಷಿದ್ಧ ಎಂಬ ಫಲಕವನ್ನು ಸ್ನಾನಗೃಹದಲ್ಲಿ ಹಾಕುವುದು ಕಡ್ಡಾಯ. ಗರ್ಭಿಣಿಯರನ್ನು ದಶಕಗಳ ಕಾಲ ನಿಷೇಧದ ಪಟ್ಟಿಯಲ್ಲಿ ಇಟ್ಟಿದ್ದಕ್ಕೆ ವೈಜ್ಞಾನಿಕ ಆಧಾರ ಸಿಗದ ಕಾರಣ 2014ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಡಲಾಯಿತು.

ಅಪಾಯಗಳು

ಚಳಿಗಾಲದಲ್ಲಿ ತಣ್ಣನೆಯ ಬಟ್ಟೆಕೋಣೆಯಿಂದ ಬಿಸಿ ತೊಟ್ಟಿಗೆ ಇಳಿಯುವ ವೃದ್ಧರಲ್ಲಿ ರಕ್ತದೊತ್ತಡ ಸರ್ರನೆ ಏರಿ, ಮತ್ತೆ ಸರ್ರನೆ ಇಳಿಯುತ್ತದೆ. ಜಪಾನಿನಲ್ಲಿ ವರ್ಷಕ್ಕೆ ಸುಮಾರು 19,000 ಜನ ಸ್ನಾನದ ವೇಳೆ ಸಾಯುತ್ತಾರೆಂದು ಸರ್ಕಾರಿ ನೆರವಿನ ಸಂಶೋಧನೆ ಅಂದಾಜಿಸಿದೆ. ಹೆಚ್ಚಿನವು ಮನೆಯಲ್ಲೇ ಆಗುವಂಥವು. ನೀರು 41 ಡಿಗ್ರಿ ಮೀರಬಾರದು, 10 ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಕುಡಿದು ಇಳಿಯಬಾರದು ಎಂಬುದು ಅಧಿಕೃತ ಸಲಹೆ. ನೀರನ್ನು ಸುತ್ತಿಸಿ ಮರುಬಳಸುವ ಕಡೆ ಲೀಜಿಯೊನೆಲ್ಲ ಬ್ಯಾಕ್ಟೀರಿಯಾದ ಭಯವೂ ಇದೆ. 2002ರಲ್ಲಿ ಮಿಯಾಝಾಕಿಯ ಹ್ಯೂಗಾದಲ್ಲಿ ಇದರಿಂದ ಏಳು ಮಂದಿ ಸತ್ತರು. ಶಿರಹೊನೆ ಎಂಬ ಬುಗ್ಗೆಯ ಊರಿನಲ್ಲಿ ನೀರು ಹಾಲಿನಂತೆ ಕಾಣಲು ಪುಡಿ ಬೆರೆಸುತ್ತಿದ್ದುದು 2004ರಲ್ಲಿ ಬಯಲಾದ ಮೇಲೆ, ನೀರು ಬೆರೆಸಿದ್ದು, ಕಾಯಿಸಿದ್ದು, ಮರುಬಳಸಿದ್ದು, ಸೋಂಕು ನಿವಾರಕ ಹಾಕಿದ್ದು ಎಲ್ಲವನ್ನೂ ಫಲಕದಲ್ಲಿ ತಿಳಿಸಬೇಕಾಯಿತು.

ಬಂದವರ ರೂಢಿ

ತಂಗುದಾಣದಲ್ಲಿ ಚಪ್ಪಲಿ ಬಿಟ್ಟು ಕೋಣೆಗೆ ಹೋದರೆ ಚಹಾ, ಸಿಹಿತಿಂಡಿ ಕಾದಿರುತ್ತವೆ. ಬರಿಹೊಟ್ಟೆಯಲ್ಲಿ ಬಿಸಿನೀರಿಗಿಳಿಯದಿರಲು ಇದು ಅನುಕೂಲ. ಹತ್ತಿಯ ನಿಲುವಂಗಿಯನ್ನು ಎಡಭಾಗ ಮೇಲೆ ಬರುವಂತೆ ಸುತ್ತಬೇಕು, ಬಲಭಾಗ ಮೇಲೆ ಬರುವುದು ಹೆಣಕ್ಕೆ. ಗಂಡಸರ, ಹೆಂಗಸರ ಸ್ನಾನಗೃಹಗಳ ಬಾಗಿಲಿಗೆ ಸಾಮಾನ್ಯವಾಗಿ ನೀಲಿ, ಕೆಂಪು ಪರದೆ ಇರುತ್ತದೆ. ಬಟ್ಟೆಯನ್ನೆಲ್ಲ ಬುಟ್ಟಿಯಲ್ಲಿ ಬಿಚ್ಚಿಟ್ಟು, ಕೈಯಗಲದ ಟವೆಲ್ ಮಾತ್ರ ಹಿಡಿದು ಒಳಹೋಗುತ್ತಾರೆ.

ನೀರಿಗಿಳಿಯುವ ಮುನ್ನ ಪಾದದಿಂದ ಶುರುಮಾಡಿ ಮೇಲಕ್ಕೆ ಬಿಸಿನೀರು ಸುರಿದುಕೊಳ್ಳುವುದು, ಪುಟ್ಟ ಮಣೆಯ ಮೇಲೆ ಕೂತು ಸಾಬೂನಿನಿಂದ ಮೈ ತೊಳೆದುಕೊಳ್ಳುವುದು ತಪ್ಪದ ನಿಯಮ. ಮೊದಲನೆಯದು ಹೃದಯವನ್ನು ಬಿಸಿಗೆ ಒಗ್ಗಿಸುತ್ತದೆ, ಎರಡನೆಯದು ಎಲ್ಲರೂ ಹಂಚಿಕೊಳ್ಳುವ ನೀರನ್ನು ಕಾಪಾಡುತ್ತದೆ. ಟವೆಲ್ಲನ್ನೂ ಕೂದಲನ್ನೂ ನೀರಿಗೆ ಮುಟ್ಟಿಸುವುದಿಲ್ಲ; ಟವೆಲ್ ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಈಜುವಂತಿಲ್ಲ. ನತ್ಸುಮೆ ಸೋಸೆಕಿಯ ‘ಬೊಚ್ಚಾನ್’ (1906) ಕಾದಂಬರಿಯ ನಾಯಕ ಸ್ನಾನದ ಕೊಳದಲ್ಲಿ ಈಜಿ, ಮರುದಿನ ಅದನ್ನು ನಿಷೇಧಿಸುವ ಫಲಕ ನೋಡಬೇಕಾಯಿತು. ಆ ಸ್ನಾನಗೃಹಕ್ಕೆ ಮಾದರಿ ಎನ್ನಲಾಗುವ, 1894ರ ದೋಗೊ ಒನ್ಸೆನ್ ಕಟ್ಟಡದ ಖ್ಯಾತಿಗೆ ಈ ಕಾದಂಬರಿಯ ಕೊಡುಗೆ ದೊಡ್ಡದು. ಕಿನೊಸಾಕಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿದ್ದು, ಜನ ಮರದ ಪಾದುಕೆ ಸದ್ದು ಮಾಡುತ್ತ ಒಂದರಿಂದ ಇನ್ನೊಂದಕ್ಕೆ ನಡೆದುಹೋಗುತ್ತಾರೆ.

ಮಿಂದ ಮೇಲೆ ಖನಿಜ ಉಳಿಯಲೆಂದು ಮೈಗೆ ನೀರು ಹಾಕಿಕೊಳ್ಳದೆ ಒರೆಸಿಕೊಳ್ಳುವವರೇ ಹೆಚ್ಚು. ಆಮ್ಲ ಅಥವಾ ಗಂಧಕದ ನೀರಾದರೆ ಸೂಕ್ಷ್ಮ ಚರ್ಮದವರು ತೊಳೆದುಕೊಳ್ಳುವುದೇ ಲೇಸು. ಹೆಚ್ಚು ದಿನ ತಂಗುವವರು ಮೊದಮೊದಲು ದಿನಕ್ಕೆ ಒಂದೆರಡು ಸಲ, ಆಮೇಲೆ ಎರಡು ಮೂರು ಸಲ ಮೀಯುತ್ತಾರೆ. ಮೂರನೆಯ ದಿನದಿಂದ ವಾರದೊಳಗೆ ಸುಸ್ತು, ಹಸಿವಿಲ್ಲದಿರುವುದು ಕಾಣಿಸಬಹುದು. ಒಂದೆರಡು ದಿನ ನೀರು ಬಿಟ್ಟರೆ ಹೋಗುತ್ತದೆ. ಇಂದಿನ ಬಹುತೇಕ ಪ್ರವಾಸಿಗರು ಒಂದು ರಾತ್ರಿ ಉಳಿದು ಹೊರಡುವುದರಿಂದ ಈ ಅನುಭವವೇ ಅವರಿಗಾಗುವುದಿಲ್ಲ.

ಹಚ್ಚೆಯನ್ನು ಅಪರಾಧಿ ತಂಡಗಳ ಗುರುತೆಂದು ಕಾಣುವುದರಿಂದ ಅನೇಕ ಸ್ನಾನಗೃಹಗಳು ಹಚ್ಚೆಯವರನ್ನು ಒಳಬಿಡುವುದಿಲ್ಲ. 2015ರಲ್ಲಿ ಜಪಾನ್ ಪ್ರವಾಸೋದ್ಯಮ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 56 ಕಡೆ ನಿಷೇಧ, ಶೇಕಡಾ 31 ಕಡೆ ಅನುಮತಿ, ಶೇಕಡಾ 13 ಕಡೆ ಹಚ್ಚೆ ಮುಚ್ಚಿಕೊಂಡರೆ ಪ್ರವೇಶ ಎಂದು ತಿಳಿದುಬಂತು. ಚರ್ಮದ ಬಣ್ಣದ ಪಟ್ಟಿ ಅಂಟಿಸಿಕೊಳ್ಳುವುದು, ಇಲ್ಲವೇ ಗಂಟೆಯ ಲೆಕ್ಕದಲ್ಲಿ ಖಾಸಗಿ ಸ್ನಾನಗೃಹ ಬಾಡಿಗೆಗೆ ಹಿಡಿಯುವುದು ಈಗ ಹೊರದೇಶದವರು ಹೆಚ್ಚಾಗಿ ಅನುಸರಿಸುವ ದಾರಿ.