ಚಿನ್ನದ ಓಟ, ಎರಡು ವರ್ಷದ ನಿಷೇಧ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆಯವರಾದ ನಿಮಗೆ ಸೈಕಲ್ ಸ್ಪರ್ಧೆ ಹೊಸದಲ್ಲ. ಕಬ್ಬಿನ ಹೊಲಗಳ ನಡುವೆ ಬೆಳಗಿನ ಜಾವ ಸೈಕಲ್ ತುಳಿಯುವವರು ನಿಮ್ಮಲ್ಲೇ ಇರಬಹುದು. ಆದ್ದರಿಂದ ಒಬ್ಬ ಸೈಕಲ್ ಸವಾರನಿಂದಲೇ ಮಾತು ಆರಂಭಿಸೋಣ.

ಹಾಲೆಂಡಿನ ಥಾಮಸ್ ಡೆಕ್ಕರ್ 2006ರಲ್ಲಿ, 21ನೆಯ ವಯಸ್ಸಿಗೇ, ಇಟಲಿಯ ಟಿರೆನೊ-ಆಡ್ರಿಯಾಟಿಕೊ ಸ್ಪರ್ಧೆ ಗೆದ್ದವನು. 2007ರಲ್ಲಿ ಆತನಿಂದ ಪಡೆದಿದ್ದ ಮೂತ್ರದ ಮಾದರಿಯನ್ನು 2009ರಲ್ಲಿ ಮತ್ತೆ ಪರೀಕ್ಷಿಸಿದಾಗ, ರಕ್ತದ ಕೆಂಪುಕಣಗಳನ್ನು ಹೆಚ್ಚಿಸುವ ಇಪಿಒ ಎಂಬ ಮದ್ದು ಪತ್ತೆಯಾಯಿತು. ಎರಡು ವರ್ಷ ನಿಷೇಧ. ತಪ್ಪನ್ನು ಆತ ಒಪ್ಪಿಕೊಂಡ.

ನಮ್ಮ ರಾಜ್ಯದ ಅಶ್ವಿನಿ ಅಕ್ಕುಂಜಿ ಅವರ ಕಥೆ ಇಷ್ಟು ಸರಳವಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕರ ಮನೆಯ ಮಗಳು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರಿದ್ದ ತಂಡ 4x400 ಮೀಟರ್ ರಿಲೇ ಗೆದ್ದಿತು. ಆ ಕೂಟದ ಓಟಗಳಲ್ಲಿ 1958ರ ಮಿಲ್ಖಾ ಸಿಂಗರ ನಂತರ ಭಾರತಕ್ಕೆ ಬಂದ ಮೊದಲ ಚಿನ್ನವದು. ಮರುತಿಂಗಳೇ ಚೀನಾದ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟ: 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದು ಚಿನ್ನ, ರಿಲೇಯಲ್ಲಿ ಇನ್ನೊಂದು. ಊರಿಗೆ ಊರೇ ಕುಣಿದಿರಬೇಕು!

ಹೊಸ ವರ್ಷದಲ್ಲಿ ಎಲ್ಲವೂ ತಲೆಕೆಳಗಾಯಿತು. 2011ರ ಜೂನ್ ತಿಂಗಳ ಪರೀಕ್ಷೆಯಲ್ಲಿ ಅಶ್ವಿನಿಯವರ ಮಾದರಿಯಲ್ಲಿ ಮೆಥಾಂಡಿನೋನ್ ಸಿಕ್ಕಿತು. ಇದು ಮಾಂಸಖಂಡ ಬೆಳೆಸುವ ಸ್ಟೆರಾಯ್ಡ್. ರಿಲೇಯಲ್ಲಿ ಜೊತೆಗೆ ಓಡಿದ್ದ ಸಿನಿ ಜೋಸ್, ಮಂದೀಪ್ ಕೌರ್ ಅವರೂ ಸಿಕ್ಕಿಬಿದ್ದರು. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಬೇರಿನ ಮಾತ್ರೆಯಲ್ಲಿ ಅದು ಬೆರೆತಿತ್ತು, ನಮಗೆ ತಿಳಿದಿರಲಿಲ್ಲ ಎಂಬುದು ಓಟಗಾರ್ತಿಯರ ವಾದ. ತರಬೇತುದಾರನನ್ನು ಸರಕಾರ ತೆಗೆದುಹಾಕಿತು.

ಭಾರತದ ವಿಚಾರಣಾ ಸಮಿತಿ ಈ ವಾದಕ್ಕೆ ಕಿವಿಗೊಟ್ಟು 2011ರ ಡಿಸೆಂಬರಿನಲ್ಲಿ ಒಂದೇ ವರ್ಷ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ ಒಪ್ಪಲಿಲ್ಲ, ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೇರಿಸಿತು. ದೇಹದೊಳಗೆ ಏನು ಸಿಕ್ಕಿತೋ ಅದಕ್ಕೆ ಆಟಗಾರರೇ ಹೊಣೆ, ಕೊಟ್ಟವರು ಯಾರೇ ಇರಲಿ. ಇದು ಕ್ರೀಡಾಲೋಕದ ನಿಯಮ.

ಹಾಗಾದರೆ ತಪ್ಪೊಪ್ಪಿಕೊಂಡ ಡೆಕ್ಕರನಿಗೂ, ತಿಳಿಯದೆ ನುಂಗಿದೆನೆಂದ ಅಶ್ವಿನಿಯವರಿಗೂ ಒಂದೇ ಅಳತೆಯೇ? ಕಠಿಣವೆಂದು ನನಗೂ ಅನಿಸುತ್ತದೆ. ಆದರೆ 'ಗೊತ್ತಿರಲಿಲ್ಲ' ಎಂಬ ಮಾತಿಗೆ ರಿಯಾಯಿತಿ ಸಿಗುವುದಾದರೆ ನಾಳೆ ಎಲ್ಲರೂ ಅದನ್ನೇ ಹೇಳಿಯಾರು. ಗುರುವಿನ ಕೈಯಿಂದ ಬಂದದ್ದನ್ನು ಪ್ರಶ್ನಿಸದೆ ಸ್ವೀಕರಿಸುವ ನಮ್ಮ ಪದ್ಧತಿ ಇಲ್ಲಿ ಶಿಷ್ಯೆಗೇ ಮುಳುವಾಯಿತು ನೋಡಿ.

2010ರ ಪದಕಗಳು ಅಶ್ವಿನಿಯವರ ಬಳಿಯೇ ಉಳಿದವು. ತೀರ್ಪು ಬಂದ ತಿಂಗಳ ಕೊನೆಗೆ ಲಂಡನ್ ಒಲಿಂಪಿಕ್ಸ್ ಆರಂಭವಾಯಿತು. ಆಗ ಅವರಿಗೆ 24 ವರ್ಷ. ಓಟದ ಅಂಕಣಕ್ಕೆ ಇಳಿಯಲು ಅವರು 2013ರವರೆಗೂ ಕಾಯಬೇಕಾಯಿತು.