ತನ್ನನ್ನು ತಾನೇ ವಿವರಿಸುವ ಎಡಿಟರು ಮತ್ತು ಬ್ಯಾಡಗಿಯ ಲಾಟಿನ ಲೆಕ್ಕ

ಬ್ಲಾಗಿಗ ಮಿತ್ರರಲ್ಲಿ ಹೆಚ್ಚಿನವರು ಬರಹ ಅಥವಾ ನುಡಿಯಲ್ಲಿ ಕುಟ್ಟಿ ಕುಟ್ಟಿ ಕನ್ನಡ ಟೈಪಿಂಗ್ ಕಲಿತವರು. ನಾನೂ ಹಾಗೆಯೇ. ಆದರೆ ಬಹಳ ವರ್ಷಗಳಿಂದ ನಾನು ಬರೆಯುವುದು ಈಮ್ಯಾಕ್ಸ್ ಎಂಬ ಹಳೇ ಎಡಿಟರಿನಲ್ಲಿ. "ಅದ್ಯಾಕ್ರೀ ಆ ತಲೆನೋವು?" ಎನ್ನುವವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಅದಕ್ಕೇ ಈ ಇತಿಹಾಸ.

1976ರ ಮಾತು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಟೀಕೋ ಎಂಬ ಎಡಿಟರಿತ್ತು. ಅದರ ಆಜ್ಞೆಗಳು ಎಷ್ಟು ವಿಚಿತ್ರವೆಂದರೆ, ನಿಮ್ಮ ಹೆಸರನ್ನೇ ಆಜ್ಞೆಯಾಗಿ ಟೈಪಿಸಿದರೆ ಏನು ಅನಾಹುತವಾಗುತ್ತದೆ ಎಂದು ಊಹಿಸುವುದೇ ಒಂದು ಆಟವಾಗಿತ್ತಂತೆ :-) ಆ ಟೀಕೋದ ಮೇಲೆ ಜನ ತಮಗೆ ತೋಚಿದಂತೆ ಬರೆದುಕೊಂಡಿದ್ದ ಮ್ಯಾಕ್ರೋಗಳನ್ನು ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ಸೇರಿ ಒಂದು ಹದಕ್ಕೆ ತಂದರು. 'ಎಡಿಟರ್ ಮ್ಯಾಕ್ರೋಸ್' ಎಂಬುದೇ ಈಮ್ಯಾಕ್ಸ್ ಆಯಿತು. 1981ರಲ್ಲಿ ಸ್ಟಾಲ್‌ಮನ್ ಬರೆದ ಪ್ರಬಂಧದ ಹೆಸರಿನಲ್ಲೇ ಅದರ ಗುಣಗಳಿವೆ: ಹಿಗ್ಗಿಸಬಹುದು, ಬೇಕಾದಂತೆ ಬದಲಿಸಿಕೊಳ್ಳಬಹುದು, ಮತ್ತು ಅದು ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ.

ನನ್ನನ್ನು ಹಿಡಿದಿಟ್ಟದ್ದು ಈ ಕೊನೆಯ ಗುಣ. ಬ್ಯಾಡಗಿ ಮಾರುಕಟ್ಟೆಯಲ್ಲಿ ಪ್ರತಿ ಮೆಣಸಿನಕಾಯಿ ಲಾಟಿಗೂ ಒಂದು ನಂಬರಿನ ಚೀಟಿ ಇರುತ್ತದಲ್ಲ, ಹಾಗೆ ಇಲ್ಲಿ ಪ್ರತಿ ಆಜ್ಞೆಯ ಒಳಗೇ ಅದರ ವಿವರಣೆಯನ್ನು ಬರೆದಿಟ್ಟಿರುತ್ತಾರೆ. ಕಂಟ್ರೋಲ್ ಎಚ್ ಒತ್ತಿ, ಆಮೇಲೆ ಕೆ ಒತ್ತಿ, ಯಾವ ಕೀಲಿಯ ಮೇಲೆ ಬೆರಳಿಟ್ಟರೂ ಅದು ಏನು ಮಾಡುತ್ತದೆಂದು ಹೇಳುತ್ತದೆ. ಕೆ ಬದಲು ಟಿ ಒತ್ತಿದರೆ ಪಾಠ. ಐ ಒತ್ತಿದರೆ ಇನ್ಫೋ ಎಂಬ ಇಡೀ ಗ್ರಂಥಾಲಯ. ಇದ್ಯಾವುದಕ್ಕೂ ನೆಟ್ ಬೇಡ. ಗಂಟೆಗಿಷ್ಟು ಅಂತ ಸೈಬರ್ ಕೆಫೆಗೆ ದುಡ್ಡು ತೆತ್ತವರಿಗೆ ಇದರ ಬೆಲೆ ಗೊತ್ತು. ಹಾವೇರಿಯಲ್ಲಿ ರೈಲು ಹತ್ತಿ, ಬ್ಯಾಡಗಿ ದಾಟಿ ರಾಣೆಬೆನ್ನೂರು ಮುಟ್ಟುವುದರೊಳಗೆ ಒಂದು ಅಧ್ಯಾಯ ಓದಿ ಮುಗಿಸಿದ್ದುಂಟು.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬಾತ ಮಲ್ಟಿಕ್ಸ್ ಗಣಕಕ್ಕಾಗಿ ಲಿಸ್ಪ್ ಭಾಷೆಯಲ್ಲಿ ಈಮ್ಯಾಕ್ಸ್ ಬರೆದ. ಅವನ ಕಚೇರಿಯ ಸೆಕ್ರೆಟರಿಗಳು ಕೈಪಿಡಿ ನೋಡಿಕೊಂಡು ತಮಗೆ ಬೇಕಾದ ಹೊಸ ಆಜ್ಞೆಗಳನ್ನು ತಾವೇ ಸೇರಿಸಿಕೊಳ್ಳತೊಡಗಿದರು. ಆ ಕೈಪಿಡಿಯಲ್ಲಿ 'ಇದು ಪ್ರೋಗ್ರಾಮಿಂಗ್' ಎಂದು ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಅವರು ಹೆದರಲಿಲ್ಲ! ಸ್ಟಾಲ್‌ಮನ್ ಸ್ವತಃ ಹೇಳಿದ ಕಥೆ ಇದು. 1985ರಲ್ಲಿ ಹೊರಬಂದ ಅವರ ಗ್ನೂ ಈಮ್ಯಾಕ್ಸ್‌ನ ಒಳಗೂ ಲಿಸ್ಪೇ ಇದೆ.

ಕನ್ನಡಕ್ಕೆ ಬರೋಣ. ಬೇರೆ ಬೇರೆ ಲಿಪಿಗಳಿಗೆ ದಾರಿ ಮಾಡಿದ್ದು ಜಪಾನಿನ ಕೆನಿಚಿ ಹಂಡಾ ಮತ್ತವರ ಜೊತೆಗಾರರು. ಅವರ ಮ್ಯೂಲ್ ಎಂಬ ಕೆಲಸ 1997ರಲ್ಲಿ 20ನೇ ಆವೃತ್ತಿಯೊಳಗೆ ಸೇರಿತು. 2009ರ 23ನೇ ಆವೃತ್ತಿ ಒಳಗಿನಿಂದಲೇ ಯೂನಿಕೋಡ್ ಆಯಿತು. ಈಗ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎರಡೂ ಕನ್ನಡ ಕೀಲಿವಿನ್ಯಾಸಗಳು ಅದರೊಳಗೇ ಇವೆ, ಯಾವ ಅಕ್ಷರಕ್ಕೆ ಯಾವ ಕೀಲಿ ಎಂಬ ಪಟ್ಟಿಯ ಸಮೇತ. ಕಂಟ್ರೋಲ್ ಎಚ್ ಒತ್ತಿ ಮತ್ತೊಮ್ಮೆ ಎಚ್ ಒತ್ತಿದರೆ ಜಗತ್ತಿನ ಭಾಷೆಗಳ ನಮಸ್ಕಾರಗಳು ಕಾಣುತ್ತವೆ. ಅಲ್ಲಿ ನಮ್ಮ 'ನಮಸ್ಕಾರ'ವೂ ಇದೆ. 2023ರ 29ನೇ ಆವೃತ್ತಿಯಲ್ಲಂತೂ ಅಶೋಕನ ಕಾಲದ ಬ್ರಾಹ್ಮಿಯೂ ಬಂತು.

ಆದರೆ ಪಾಠ? ಜಪಾನಿ, ಥಾಯ್, ಹೀಬ್ರೂ, ಕೊನೆಗೆ ಎಸ್ಪೆರಾಂಟೋದಲ್ಲೂ ಇದೆ. ಆ 29ನೇ ಆವೃತ್ತಿಯಲ್ಲಿ ಭಾರತದ ಒಂದು ಭಾಷೆಯಲ್ಲೂ ಇರಲಿಲ್ಲ. ಬ್ರಾಹ್ಮಿ ಬರೆಯಬಹುದು, ಹೇಗೆ ಬರೆಯಬೇಕೆಂದು ಕನ್ನಡದಲ್ಲಿ ಓದುವಂತಿಲ್ಲ. ತಮಾಷೆ ಅಲ್ಲವೇ? ಲಿಪಿಯನ್ನು ತೋರಿಸುವುದಕ್ಕೆ ತಂತ್ರಜ್ಞರು ಸಾಕು. ಪಾಠಕ್ಕೆ ಕನ್ನಡ ಬರುವ ಒಬ್ಬ ಮನುಷ್ಯ ಕೂತು ಬರೆಯಬೇಕು, ಆಮೇಲೆ ಪ್ರತಿ ಆವೃತ್ತಿಗೂ ತಿದ್ದುತ್ತಿರಬೇಕು.

ಸೇರಿಕೆಗಳ ಕಥೆಯೂ ಸ್ವಲ್ಪ ಹೀಗೆಯೇ. ಹಿಂದೆ ಯಾರೋ ಬರೆದ ಫೈಲನ್ನು ಫ್ಲಾಪಿಯಲ್ಲೋ ಪೆನ್‌ಡ್ರೈವಿನಲ್ಲೋ ತಂದು ಹಾಕಿಕೊಳ್ಳುತ್ತಿದ್ದೆವು. ಫೈಲಿನ ತಲೆಯಲ್ಲೇ ಉದ್ದನೆಯ ವಿವರಣೆ ಇರುತ್ತಿತ್ತು. 2012ರ 24ನೇ ಆವೃತ್ತಿಯಿಂದ ಪ್ಯಾಕೇಜುಗಳು ಕುಳಿತಲ್ಲೇ ಇಳಿಯುತ್ತವೆ, ಬಹಳ ಸುಖ. ಆದರೆ ಎಷ್ಟೋ ಪ್ಯಾಕೇಜುಗಳ ವಿವರಣೆ ಈಗ ವೆಬ್ಬಿನಲ್ಲಿದೆ, ಒಳಗೆ ಎರಡು ಸಾಲು ಅಷ್ಟೇ. ನೆಟ್ ಹೋದರೆ ಚೀಟಿ ಇಲ್ಲದ ಲಾಟು! ನನ್ನ ಮಟ್ಟಿಗೆ ಇದು ಹಿನ್ನಡೆಯೇ.

ನಮ್ಮ ಅಣ್ಣನ ಮಗ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಕಾರ್ಸ್ಟೆನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ 2003ರಲ್ಲಿ ಶುರು ಮಾಡಿದ ಆರ್ಗ್ ಮೋಡ್‌ನ ಕೋಷ್ಟಕಗಳನ್ನು ಅವನಿಗೆ ತೋರಿಸಿದೆ. ಬೇಗ ಹಿಡಿದುಕೊಂಡ. ಆದರೆ ಸಹಾಯ ಕೇಳಿದಾಗಲೆಲ್ಲ ಇಂಗ್ಲಿಷ್ ತೆರೆದು ಕೈ ಬಿಡುತ್ತಿದ್ದ. ಆಗ ನೆನಪಾದದ್ದು: ಲಿಸ್ಪ್ ಆಜ್ಞೆಯ ವಿವರಣೆ ಯಾವ ಲಿಪಿಯಲ್ಲಿದ್ದರೂ ಈಮ್ಯಾಕ್ಸ್ ಬೇಡವೆನ್ನುವುದಿಲ್ಲ, ಆಜ್ಞೆಯ ಹೆಸರೂ ಅಷ್ಟೇ. 'ಲಾಟ್-ಲೆಕ್ಕ' ಎಂಬ ಪುಟ್ಟ ಆಜ್ಞೆ ಬರೆದುಕೊಟ್ಟೆ. "ಒಟ್ಟು ತೂಕದಲ್ಲಿ ಚೀಲದ ತೂಕ ಕಳೆದು, ದರದಿಂದ ಗುಣಿಸುತ್ತದೆ" ಎಂದು ವಿವರಣೆ ಹಾಕಿದೆ. ಕಂಟ್ರೋಲ್ ಎಚ್, ಎಫ್ ಒತ್ತಿ ಹೆಸರು ಕೊಟ್ಟರೆ ಈಮ್ಯಾಕ್ಸ್ ಕನ್ನಡದಲ್ಲೇ ಉತ್ತರಿಸಿತು.

ಮುಂದಿನ ಸಲ ಹೋದಾಗ ಅವನ ಯಂತ್ರದಲ್ಲಿ 'ಹಮಾಲಿ-ಲೆಕ್ಕ' ಎಂಬ ಇನ್ನೊಂದು ಆಜ್ಞೆ ಇತ್ತು. ನಾನು ಬರೆದದ್ದಲ್ಲ. "ಕಾಕಾ, ನಿಮ್ಮದನ್ನ ನೋಡಿ ನಾನಽ ಮಾಡೀನ್ರಿ" ಅಂದ. ಒಳಗೆ ಎರಡು ಸಾಲಿನ ವಿವರಣೆಯನ್ನೂ ಹಾಕಿದ್ದ, ಅಚ್ಚ ಬ್ಯಾಡಗಿ ಕನ್ನಡದಲ್ಲಿ. ಅದನ್ನು ಪ್ರೋಗ್ರಾಮಿಂಗ್ ಅಂತಾರೆ ಎಂದು ನಾನಿನ್ನೂ ಅವನಿಗೆ ಹೇಳಿಲ್ಲ.